ಮೊದಲ ಓಟಕ್ಕೆ ಬೆನ್ನು ತಿರುಗಿಸಿ

ಜನವರಿ ೧೪

ಅಣ್ಣನಿಗೆ,

ಮೊದಲು ನನ್ನ ಕೈಬರಹವನ್ನು ಮನ್ನಿಸು. ಒತ್ತಕ್ಷರ ಬಂದಲ್ಲೆಲ್ಲ ಪೆನ್ನು ಎಡವುತ್ತದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ಬರೆದದ್ದು ಎಂದುಕೊಂಡು ಓದು. ಕಾಗುಣಿತ ತಪ್ಪಿದ್ದರೆ ನೀನೇ ಮನಸ್ಸಿನಲ್ಲಿ ತಿದ್ದಿಕೊ. ಚಿಕ್ಕವಳಿದ್ದಾಗ ನನ್ನ ಸ್ಲೇಟನ್ನು ಉಗುಳು ಹಚ್ಚಿ ಒರೆಸಿ ತಿದ್ದುತ್ತಿದ್ದವನು ನೀನೇ ತಾನೆ?

ನಿನ್ನ ವಿಳಾಸ ಕೊಟ್ಟವರು ನಮ್ಮ ಬೀದಿಗೆ ಬರುವ ಬಸ್ಸಿನ ಡ್ರೈವರು. ಅವರನ್ನು ಕೇಳಬೇಕೆಂದು ಎಷ್ಟೋ ಸಲ ಬಸ್‌ಸ್ಟಾಪಿನವರೆಗೆ ಹೋಗಿ, ಬಾಯಿ ಬಾರದೆ ತಿರುಗಿ ಬಂದೆ. ಕೊನೆಗೆ ಅವರೇ ಕಿಟಕಿಯಿಂದ ತಲೆ ಹಾಕಿ, "ಏನಮ್ಮಾ, ದಿನಾ ಬಂದು ಬಸ್ಸಿನ ಮುಖ ನೋಡ್ಕೊಂಡು ಹೋಗ್ತೀಯ, ಹತ್ತೋದಿಲ್ವಾ?" ಎಂದರು. ನಿನ್ನ ಹೆಸರು ಹೇಳಿದೆ. "ಅವನಾ! ನಮ್ಮ ಡಿಪೋದಲ್ಲೇ ಇದಾನೆ. ಟೈರಿನೊಳಗೆ ತಲೆ ಹಾಕಿದ್ರೆ ಊಟಕ್ಕೂ ಎದ್ದು ಬರಲ್ಲ ಮಾರಾಯ್ತಿ," ಎಂದರು. ಗಾಲಿ ಬೇಡವೆಂದು ಹೋದವನು ಗಾಲಿಯ ಹತ್ತಿರವೇ ಕೂತಿದ್ದೀಯಲ್ಲ ಎಂದು ನಗು ಬಂತು.

ಬರೆಯಲು ಕಾರಣವಿದೆ. ನಮ್ಮ ಗಾಲಿ ಅಂಗಡಿಯನ್ನು ಮ್ಯೂಸಿಯಮ್ಮಿನವರು ಕೇಳುತ್ತಿದ್ದಾರೆ. ಅಪ್ಪನ ಬೆಂಚು, ಬಾಚಿ, ಉಳಿ, ಕೊಡತಿ, ತಾತನ ಕಾಲದ ಗಾಳಿ ಊದುವ ತಿದಿ, ಎಲ್ಲವನ್ನೂ ಒಯ್ದು ಹಳ್ಳಿಯ ಹಳೆಯ ಕಸುಬುಗಳ ಜೊತೆ ಇಡುತ್ತಾರಂತೆ. ಕೇಳಲು ಬಂದ ಮೇಲ್ವಿಚಾರಕರ ಕನ್ನಡಕ ಬಲು ದಪ್ಪ. ಅಪ್ಪ ಅವರಿಗೆ ಸೋಡಾಬುಡ್ಡಿ ಎಂದು ಹೆಸರಿಟ್ಟಿದ್ದಾರೆ, ಅದೂ ಅವರ ಎದುರಿಗೇ, ಜೋರಾಗಿ. ನನಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅವರು ಪಾಪ, ನಕ್ಕು, "ಒಂದ್ಸಲ ಬಂದು ನೋಡಿ ಯಜಮಾನ್ರೇ, ಆಮೇಲೆ ಹೇಳಿ," ಎಂದು ವ್ಯಾನು ಕಳಿಸಿದರು.

ಭಾನುವಾರ ಹೋದೆವು. ಅಣ್ಣಾ, ಹೇಗೆ ಹೇಳಲಿ! ಒಂದು ದೊಡ್ಡ ಹಜಾರದಲ್ಲಿ ನೇಗಿಲುಗಳನ್ನೆಲ್ಲ ಸೂರಿನಿಂದ ತೂಗುಹಾಕಿದ್ದಾರೆ, ಹಕ್ಕಿಗಳ ಹಿಂಡು ಹಾರಿಹೋಗುತ್ತಿರುವ ಹಾಗೆ. ನೆಲದಲ್ಲೇ ಬಾಳಿದ ವಸ್ತುವನ್ನು ಕತ್ತೆತ್ತಿ ನೋಡಬೇಕು. ಒಂದು ಕೋಣೆಯಲ್ಲಿ ಅರ್ಧ ಹೆಣೆದ ಬುಟ್ಟಿಯೊಂದಿದೆ. ಹೆಣೆಯುತ್ತಿದ್ದವಳು ಒಲೆ ನೋಡಲು ಎದ್ದುಹೋದ ಹಾಗೆ ಕಡ್ಡಿಗಳು ಹಾಗೇ ಬಿಡಿಸಿಕೊಂಡಿವೆ. ಚಪ್ಪಲಿ ಹೊಲಿಯುವವನ ಅಂಗಡಿಯಲ್ಲಿ ಸಾಲಾಗಿ ಮರದ ಪಾದಗಳು, ಊರಿನ ಒಬ್ಬೊಬ್ಬರದೂ ಒಂದೊಂದು ಅಳತೆ. ಒಂದು ಪಾದದ ಹೆಬ್ಬೆರಳ ಬುಡದಲ್ಲಿ ಚರ್ಮದ ಚೂರು ಅಂಟಿಸಿತ್ತು. ಆ ಮನುಷ್ಯನಿಗೆ ಅಲ್ಲೊಂದು ಗಂಟಿತ್ತಂತೆ. ಮನುಷ್ಯ ಹೋಗಿ ಯಾವ ಕಾಲವಾಯಿತೋ, ಅವನ ಗಂಟು ಇನ್ನೂ ಇದೆ. ಅದರ ಮುಂದೆ ನಾನು ಬಹಳ ಹೊತ್ತು ನಿಂತೆ. ಒಬ್ಬನಿಗೆ ನೋಯಬಾರದೆಂದು ಇನ್ನೊಬ್ಬ ಅಂಟಿಸಿದ ಚೂರು ಅಷ್ಟು ಕಾಲ ಉಳಿಯುತ್ತದೆ ಎಂದು ಯಾರಿಗೆ ಗೊತ್ತಿರುತ್ತದೆ?

ಕೊನೆಯ ಕೋಣೆ ಖಾಲಿ. ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆದಿದ್ದರು. ಇಲ್ಲಿ ಬೆಂಚು, ಇಲ್ಲಿ ತಿದಿ, ಇಲ್ಲಿ ಬಾಗಿಲು. ಅಪ್ಪ ಆ ಗೆರೆಯೊಳಗೆ ಹೋಗಿ, ಅಂಗಡಿಯಲ್ಲಿ ನಿಲ್ಲುವ ಹಾಗೇ ಬಾಗಿಲಿಗೆ ಬೆನ್ನು ಹಾಕಿ ನಿಂತರು. ಹೊರಗೆ ಶಾಲೆಯ ಮಕ್ಕಳು ಬಂದಿದ್ದರು. ಚೀರಾಟವೋ ಚೀರಾಟ, ಸೋಡಾಬುಡ್ಡಿಯವರು ಬೈದು ಬೈದು ಸೋತಿದ್ದರು. ಅಪ್ಪ ಕಣ್ಣು ಮುಚ್ಚಿಕೊಂಡು, "ಎಷ್ಟು ಹಾಯಾಗಿದೆ ನೋಡು ಗುಬ್ಬಿ, ಒಂದು ಸದ್ದೂ ಇಲ್ಲ," ಎಂದರು. ಕುಚೋದ್ಯ ಎಂದುಕೊಂಡೆ.

ಅಪ್ಪನಿಗೆ ಕೊಟ್ಟುಬಿಡುವ ಮನಸ್ಸಿದೆ. ಕೊಟ್ಟ ಮೇಲೆ ಅವರು ಏನು ಮಾಡುತ್ತಾರೆ ಎಂದು ನೆನೆದರೆ ನನಗೆ ಹೆದರಿಕೆ. ಅಂಗಡಿ ನಿನ್ನದೂ ಹೌದಲ್ಲವೇ? ಒಂದು ಮಾತು ಬರೆ.

ನಿನ್ನ ತಂಗಿ,
ಗುಬ್ಬಿ

*

ಫೆಬ್ರವರಿ ೯

ಗುಬ್ಬಿ,

ನಿನ್ನ ಅಕ್ಷರ ಚೆನ್ನಾಗಿಯೇ ಇದೆ. ಟೈರಿನ ಮಸಿ ಹತ್ತಿದ ಕೈಯಲ್ಲಿ ಹಿಡಿದು ಓದಿದ್ದಕ್ಕೆ ನಿನ್ನ ಕಾಗದವೇ ಕಪ್ಪಾಗಿದೆ.

ಅಂಗಡಿ ಕೊಡಲಿ. ಅಲ್ಲಿ ನನ್ನದೇನೂ ಇಲ್ಲ. ಎರಡು ವರ್ಷದ ಹಿಂದೆ ನಾನು ಹೊರಟ ದಿನ ನೀನು ಮನೆಯಲ್ಲಿರಲಿಲ್ಲ, ಅದಕ್ಕೆ ನಿನಗೆ ಗೊತ್ತಿಲ್ಲ. ಚೀಲ ಹಿಡಿದು ಅಂಗಡಿ ಬಾಗಿಲಲ್ಲಿ ನಿಂತೆ. ಅಪ್ಪ ಬೆಂಚಿನ ಹತ್ತಿರ ಬೆನ್ನು ಹಾಕಿ ಗಾಲಿಗೆ ಅರೆಕಾಲಿನ ಕಡ್ಡಿ ಕೆತ್ತುತ್ತಿದ್ದರು. "ಅಪ್ಪಾ, ಡಿಪೋದಲ್ಲಿ ಕೆಲಸ ಸಿಕ್ಕಿದೆ. ಬೇಡ ಅಂದ್ರೆ ಹೋಗಲ್ಲ, ಇಲ್ಲೇ ಇರ್ತೀನಿ," ಎಂದೆ. ತಿರುಗಲಿಲ್ಲ. ಇನ್ನೊಮ್ಮೆ ಹೇಳಿದೆ. ಬಾಚಿ ನಿಲ್ಲಲಿಲ್ಲ. ಗೋಡೆಗಾದರೂ ಹೇಳಿದ್ದರೆ ಮಾರುದನಿ ಬರುತ್ತಿತ್ತು. ಚಕ್ಕೆಗಳು ಬೀಳುವುದನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತೆ, ಆಮೇಲೆ ಹೊರಟೆ.

ಬೇಡ ಎನ್ನುವ ಒಂದು ಮಾತಿಗೆ ನಾನು ಲಾಯಕ್ಕಿರಲಿಲ್ಲ. ಇರಲಿ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಣ್ಣ

*

ಮಾರ್ಚ್ ೧೭

ಅಣ್ಣನಿಗೆ,

ನಿನ್ನ ಪತ್ರವನ್ನು ಅಪ್ಪನಿಗೆ ತೋರಿಸಲಿಲ್ಲ. ತೋರಿಸಿ ಏನು ಹೇಳಲಿ? ಮಡಚಿ ಡಬ್ಬಿಯಲ್ಲಿಟ್ಟಿದ್ದೇನೆ.

ಇಲ್ಲೊಂದು ಆಶ್ಚರ್ಯ ನಡೆದಿದೆ. ಪೇಟೆಯ ಹಲ್ಲಿನ ಡಾಕ್ಟರಮ್ಮ ಒಂದು ದಿನ ಅಂಗಡಿಗೆ ಬಂದರು. ಹಲ್ಲು ಕೀಳುವವರಿಗೆ ಗಾಲಿಯಂಗಡಿಯಲ್ಲಿ ಏನು ಕೆಲಸ ಎಂದು ನೋಡಿದರೆ, ಕಾರಿನ ಹಿಂದಿನಿಂದ ಒಂದು ಮರದ ಚಕ್ರ ಇಳಿಸಿದರು. ಅವರ ತಾತ ರೇಸಿನಲ್ಲಿ ಓಡಿಸುತ್ತಿದ್ದ ಕಾರಿನದಂತೆ. ಆಗಿನ ರೇಸು ಕಾರಿಗೆ ನಮ್ಮ ಗಾಡಿಯ ಹಾಗೇ ಮರದ ಅರೆಕಾಲು, ಮರದ ಸುತ್ತು, ಅದರ ಮೇಲೆ ರಬ್ಬರು! ಅರೆಕಾಲುಗಳನ್ನು ತೋರಿಸಿ, "ಒಂದು ಹಲ್ಲು ಅಲ್ಲಾಡ್ತಿದೆ, ಎರಡು ಹುಳುಕು. ಪೂರ್ತಿ ಸೆಟ್ಟೇ ಹೊಸದು ಕಟ್ಟಿಕೊಡಬೇಕು," ಎಂದರು. ಅಪ್ಪ ಅವರ ಬಾಯಿಯನ್ನೇ ನೋಡುತ್ತಿದ್ದರು. ಡಾಕ್ಟರಮ್ಮ ನಕ್ಕು, "ಜನರ ಬಾಯಿ ನೋಡೋದು ನನ್ನ ಕೆಲಸ ಕಣ್ರೀ, ನೀವ್ಯಾಕೆ ನೋಡ್ತೀರಿ?" ಎಂದರು. ಅಪ್ಪ ನಗಲಿಲ್ಲ. ಚಕ್ರವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ನಡುವಿನ ಗುಂಬವನ್ನು ಸವರಿದರು. ಎಷ್ಟೋ ಕಾಲದ ಮೇಲೆ ಅವರ ಕೈ ಅಷ್ಟು ಮೆತ್ತಗೆ ಓಡಿದ್ದನ್ನು ಕಂಡೆ.

ಕಾರನ್ನು ನೋಡಲು ಅವರ ಶೆಡ್ಡಿಗೂ ಹೋಗಿದ್ದೆವು. ಬಾಗಿಲು ತೆರೆದಾಗ ಬೆಳಕು ಅದರ ಮೇಲೆ ಬಿತ್ತು. ಉದ್ದಕ್ಕೆ ದೋಣಿಯ ಹಾಗಿದೆ. ಚಾವಣಿ ಇಲ್ಲ, ಬಾಗಿಲು ಇಲ್ಲ, ಮೂತಿಯ ಮೇಲೆ ಚರ್ಮದ ಪಟ್ಟಿ ಬಿಗಿದು ಬಕಲು ಹಾಕಿದ್ದಾರೆ, ಹಾರಿ ಓಡಿಹೋಗುವ ಪ್ರಾಣಿಗೆ ಕಟ್ಟಿದ ಹಾಗೆ. ಬ್ರೇಕು ಹೊರಗಡೆ. ಪಕ್ಕದಲ್ಲಿ ಅಂಗೈ ಅಗಲದ ಒಂದು ದುಂಡು ಕನ್ನಡಿ. ಅಪ್ಪ ಒಂದು ಸುತ್ತು ಬಂದು, "ಇದು ಎತ್ತಿಲ್ಲದೆ ಓಡುತ್ತಾ?" ಎಂದು ಕೇಳಿದರು. ತಮಾಷೆಗೆ ಕೇಳಿದರೋ ನಿಜವಾಗಿಯೋ ತಿಳಿಯಲಿಲ್ಲ.

ಈಗ ಚಕ್ರದ ಕೆಲಸ ನಡೆದಿದೆ. ಅಣ್ಣಾ, ಇನ್ನೊಂದು ಸುದ್ದಿ. ಅಪ್ಪ ನನಗೆ ಕಸುಬು ಕಲಿಸುತ್ತಿದ್ದಾರೆ! ಒಣಗಿದ ಮರದ ತುಂಡನ್ನು ಎತ್ತಿ ಹಿಡಿದು, "ತಟ್ಟು," ಎನ್ನುತ್ತಾರೆ. ನಾನು ಕೊಡತಿಯಿಂದ ತಟ್ಟುತ್ತೇನೆ. "ಹೇಗನ್ನುತ್ತೆ?" ಗಂಟೆಯ ಹಾಗೆ ಎಂದರೆ ಇಟ್ಟುಕೊಳ್ಳುತ್ತಾರೆ. ಬಿರುಕು ಮಡಕೆಯ ಹಾಗೆ ಎಂದರೆ ಒಲೆಗೆ ಎಸೆಯುತ್ತಾರೆ. ನನ್ನ ಮಾತಿನ ಮೇಲೆ! ಜನರೆದುರು ತುಟಿ ಪಿಟಕ್ಕೆನ್ನದ ನನ್ನ ಒಂದು ಮಾತಿಗೆ ಅಷ್ಟು ಒಳ್ಳೆಯ ಮರ ಒಲೆಗೆ ಹೋಗುತ್ತದೆ. ಹೆದರಿಕೆಯೂ ಆಗುತ್ತದೆ, ಖುಷಿಯೂ ಆಗುತ್ತದೆ.

ರೇಸು ಏಪ್ರಿಲ್ ಮೂರನೇ ಭಾನುವಾರ. ಡಾಕ್ಟರಮ್ಮ ನಮ್ಮಿಬ್ಬರನ್ನೂ ಕರೆದೊಯ್ಯುತ್ತಾರೆ. ನಮ್ಮ ಮನೆತನದ ಪದ್ಧತಿ ನಿನಗೆ ನೆನಪಿದೆಯಲ್ಲ? ಚಕ್ರ ಮಾಡಿದವನು ಅದರ ಮೊದಲ ಓಟವನ್ನು ನೋಡಕೂಡದು. ಬೆನ್ನು ತಿರುಗಿಸಿ ನಿಂತು ಕೇಳಬೇಕು. ಹೊಸ ಗಾಡಿ ಹೊರಟಾಗ ಅಪ್ಪ ಅಂಗಡಿಯ ಕಂಬ ಹಿಡಿದು, ಬೀದಿಗೆ ಬೆನ್ನು ಹಾಕಿ, ಗಾಡಿ ತಿರುವು ದಾಟುವವರೆಗೆ ಉಸಿರು ಬಿಡುತ್ತಿರಲಿಲ್ಲ. "ಕಣ್ಣಿಗೆ ಮೋಸ ಮಾಡಬಹುದು, ಕಿವಿಗೆ ಆಗಲ್ಲ," ಎನ್ನುತ್ತಿದ್ದರು. ನೀನೂ ನಾನೂ ಹಿಂದೆ ನಿಂತು ಅವರನ್ನೇ ಅಣಕಿಸುತ್ತಿದ್ದೆವು. ಈ ಚಕ್ರ ಒಡೆದರೆ ಡಾಕ್ಟರಮ್ಮನ ಜೀವಕ್ಕೇ ಸಂಚಕಾರ. ಅದು ಒಡೆಯದೆ ಓಡಿತೆಂದು ತಮ್ಮ ಕಿವಿಯಾರೆ ತಿಳಿದ ಮೇಲೆಯೇ ಮ್ಯೂಸಿಯಮ್ಮಿಗೆ ಉತ್ತರ ಎಂದಿದ್ದಾರೆ ಅಪ್ಪ.

ನೀನೂ ಬಾರೋ.

ಗುಬ್ಬಿ

*

ಏಪ್ರಿಲ್ ೫

ಗುಬ್ಬಿ,

ಬರಲಾರೆ. ರಜೆ ಇಲ್ಲ. ರಜೆ ಇದ್ದಿದ್ದರೂ ಬರುತ್ತಿದ್ದೆನೋ ಇಲ್ಲವೋ.

ನಿನಗೆ ತಟ್ಟಲು ಕೊಟ್ಟರೇ? ಹತ್ತು ವರ್ಷ ಜೊತೆಗೆ ಕೆಲಸ ಮಾಡಿದರೂ ನನಗೆ ಒಂದು ದಿನ ಕೊಡಲಿಲ್ಲ. "ನಿನ್ನ ಕಿವಿ ಇನ್ನೂ ಬಲಿತಿಲ್ಲ," ಎನ್ನುತ್ತಿದ್ದರು. ನಿನ್ನದು ಯಾವಾಗ ಬಲಿಯಿತೋ ಮಹಾತಾಯಿ? ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಸ್ವಲ್ಪ ಹೊಟ್ಟೆಕಿಚ್ಚೂ ಇದೆ ಅನ್ನು.

ಡಾಕ್ಟರಮ್ಮನಿಗೆ ಹೇಳು. ಮರದ ಸುತ್ತಿನ ಮೇಲೆ ಟೈರು ಕೂರಿಸುವಾಗ ಒಂದೇ ಕಡೆಯಿಂದ ಎಳೆಯಬಾರದು. ಮೊದಲ ಸುತ್ತು ನಿಧಾನವಾಗಿ ಓಡಿಸಿ, ನಿಲ್ಲಿಸಿ, ಗುಂಬ ಬಿಸಿಯಾಗಿದೆಯಾ ಎಂದು ಕೈಯಿಟ್ಟು ನೋಡಬೇಕು. ಬಿಸಿಯಾಗಿದ್ದರೆ ಇಳಿದುಬಿಡಲಿ. ಮರೆಯಬೇಡ. ನಾನು ಹೇಳಿದೆ ಎಂದು ಅಪ್ಪನಿಗೆ ಹೇಳುವುದು ಬೇಡ.

ಅಣ್ಣ

*

ಏಪ್ರಿಲ್ ೨೩

ಅಣ್ಣಾ,

ಈ ಪತ್ರವನ್ನು ಕೂತು ಓದು.

ರೇಸು ನಡೆದದ್ದು ಊರಾಚೆಯ ಹಳೆಯ ವಿಮಾನ ಮೈದಾನದಲ್ಲಿ. ಇಳಿಯುವ ಮೊದಲೇ ಮೂಗಿಗೆ ಬಡಿದದ್ದು ಹರಳೆಣ್ಣೆ ಸುಟ್ಟ ವಾಸನೆ. ಆ ಎಂಜಿನ್ನುಗಳಿಗೆ ಅದನ್ನೇ ಹಾಕುತ್ತಾರಂತೆ. ಗಾಡಿಯ ಕೀಲಿಗೆ ನಾವು ಹಾಕುತ್ತಿದ್ದದ್ದೂ ಅದೇ ಅಲ್ಲವೇ? ಅಷ್ಟು ದೂರ ಹೋಗಿ ಮನೆಯ ವಾಸನೆ ಸಿಕ್ಕಿತಲ್ಲ ಎಂದು ಮತ್ತೆ ಮತ್ತೆ ಉಸಿರೆಳೆದೆ.

ಸಾಲು ಸಾಲು ಕಾರುಗಳು. ಒಂದಕ್ಕೆ ಸೈಕಲ್ಲಿನ ಹಾಗೆ ಸರಪಣಿ, ಆದರೆ ನನ್ನ ಮುಂಗೈ ದಪ್ಪದ್ದು. ಇನ್ನೊಂದರ ಹೊಗೆಕೊಳವೆ ಬಚ್ಚಲೊಲೆಯ ಚಿಮಣಿಯಷ್ಟು. ಒಬ್ಬ ಮುದುಕರು ತಮ್ಮ ಕಾರನ್ನು ಮಗುವಿಗೆ ಸ್ನಾನ ಮಾಡಿಸಿದವರ ಹಾಗೆ ಸಂದುಸಂದು ಒರೆಸುತ್ತಿದ್ದರು. ಅವರ ಹೆಂಡತಿ ಡಬ್ಬದ ಮೇಲೆ ಕೂತು ಚಹಾ ಕುಡಿಯುತ್ತ, "ನನ್ನ ಬೆನ್ನು ಒಂದಿನ ಹೀಗೆ ಉಜ್ಜಿದ್ರೆ ಕೇಳಿ," ಎಂದು ನಮಗೆ ಹೇಳಿದರು. ಯಾರೋ ಹ್ಯಾಂಡಲ್ ತಿರುಗಿಸಿದರು, ಒಂದು ಎಂಜಿನ್ನು ಕೆಮ್ಮಿತು, ಆಮೇಲೆ ಗುಡುಗಿತು. ಎದೆಯೊಳಗೆ ಕೈ ಹಾಕಿ ಅಲ್ಲಾಡಿಸಿದ ಹಾಗೆ. ತಾತಂದಿರ ಕಾಲದ ಕಬ್ಬಿಣ ಅಷ್ಟು ಸಿಟ್ಟನ್ನು ಇನ್ನೂ ಇಟ್ಟುಕೊಂಡಿದೆ! ಮ್ಯೂಸಿಯಮ್ಮಿನಲ್ಲಿ ಎಲ್ಲವೂ ಮಲಗಿದ್ದವು. ಇವು ಎದ್ದಿದ್ದವು.

ನೀನು ಹೇಳಿದ್ದನ್ನು ಡಾಕ್ಟರಮ್ಮನಿಗೆ ಹೇಳಿದ್ದೆ. ಅವರು ಮೊದಲು ಒಬ್ಬರೇ ಎರಡು ಸುತ್ತು, ಮೊದಲನೆಯದನ್ನು ನಿಧಾನವಾಗಿ, ಹೋಗಿ ಬಂದು ಗುಂಬ ಮುಟ್ಟಿ ನೋಡುವುದೆಂದಾಯಿತು. ಚರ್ಮದ ಟೋಪಿ, ಕನ್ನಡಕ ಹಾಕಿಕೊಂಡು ಕೂತರು. ಅಪ್ಪ ಬೇಲಿಯ ಮರದ ಕಂಬ ಹಿಡಿದು, ಓಟದ ದಾರಿಗೆ ಬೆನ್ನು ತಿರುಗಿಸಿ ನಿಂತರು. ಅಷ್ಟು ಜನ ಮುಂದೆ ನೋಡುತ್ತಿದ್ದಾಗ ಅಪ್ಪ ಒಬ್ಬರೇ ಹಿಂದೆ. ಪಕ್ಕದವರು ನಗುತ್ತಿದ್ದರು. ನನಗೆ ನಾಚಿಕೆಯಾಗಲಿಲ್ಲ, ಹೆಮ್ಮೆಯಾಯಿತು.

ಕಾರು ಹೊರಟಿತು. ದೂರದ ತಿರುವು ಸುತ್ತಿತು. ಬಂತು, ಬಂತು, ಅಪ್ಪನ ಬೆನ್ನ ಹಿಂದಿನಿಂದಲೇ ಅಬ್ಬರಿಸಿಕೊಂಡು ಹೋಯಿತು. ಜನ ಕಿವಿ ಮುಚ್ಚಿಕೊಂಡರು. ನನ್ನ ಲಂಗ ಗಾಳಿಗೆ ಬಡಿಯಿತು. ಅದರ ನಡುವೆ ಅಪ್ಪ ನನ್ನ ಕಡೆ ಬಾಗಿ ಕೇಳಿದರು:

"ಡಾಕ್ಟರಮ್ಮ ಹೊರಟ್ರಾ, ಗುಬ್ಬಿ?"

ಅಣ್ಣಾ, ಕಾರು ಆಗಲೇ ನಮ್ಮನ್ನು ದಾಟಿತ್ತು. ಅಪ್ಪನ ಮುಖ ನೋಡಿದೆ. ಕಾಯುತ್ತಿದ್ದರು. ಮಗು ಬಾಗಿಲಲ್ಲಿ ಕಾಯುವ ಹಾಗೆ. ಆಗ ಒಂದೊಂದೇ ಎದ್ದು ಬಂತು. ಮ್ಯೂಸಿಯಮ್ಮಿನ ಮಕ್ಕಳು. ಡಾಕ್ಟರಮ್ಮನ ಬಾಯಿ. ತಟ್ಟು, ಹೇಗನ್ನುತ್ತೆ. ಅಪ್ಪ ನನಗೆ ಕಲಿಸುತ್ತಿರಲಿಲ್ಲ. ನನ್ನನ್ನು ಕೇಳುತ್ತಿದ್ದರು.

ನಾನು ಮಾಡಿದ್ದನ್ನು ಹೇಳಿದರೆ ನೀನು ನಂಬುವುದಿಲ್ಲ. ಎರಡೂ ಭುಜ ಹಿಡಿದು ಅಪ್ಪನನ್ನು ತಿರುಗಿಸಿಬಿಟ್ಟೆ. ತಾತ, ಮುತ್ತಾತ ಯಾರೂ ತಿರುಗದ ಕಡೆಗೆ. "ಏಯ್, ಬೇಡ," ಎಂದರು. ಅಷ್ಟರಲ್ಲಿ ಕಾರು ಇನ್ನೊಂದು ಸುತ್ತಿಗೆ ಬಂದಿತ್ತು, ಈ ಸಲ ಪೂರ್ತಿ ಜೋರಿನಲ್ಲಿ. ಅಪ್ಪ ನೋಡಿದರು.

ಅಷ್ಟು ಜೋರಿನಲ್ಲಿ ಅರೆಕಾಲು ಕಾಣುವುದಿಲ್ಲ ಅಣ್ಣಾ. ಕರಗಿಹೋಗುತ್ತವೆ. ಚಕ್ರದ ಜಾಗದಲ್ಲಿ ಬರೀ ಒಂದು ಹೊಗೆಯ ತಟ್ಟೆ, ಅದರ ಮೂಲಕ ಆಚೆಯ ಹುಲ್ಲು ಕಾಣುತ್ತದೆ. ಕಾರು ಗಾಳಿಯ ಮೇಲೆ ಕೂತು ಹೋಗುತ್ತಿದೆ ಎನ್ನಿಸುತ್ತದೆ. ಅಪ್ಪ ಬೇಲಿಯನ್ನು ಗಟ್ಟಿಯಾಗಿ ಹಿಡಿದರು. "ಎಲ್ಲಿ ಹೋದ್ವೇ? ಅರೆಕಾಲು ಎಲ್ಲಿ ಹೋದ್ವು?" ಎಂದರು. ಜೀವಮಾನವೆಲ್ಲ ಚಕ್ರ ಮಾಡಿದವರು, ಎತ್ತಿನ ನಡಿಗೆಗಿಂತ ಜೋರಾಗಿ ತಿರುಗುವ ತಮ್ಮ ಚಕ್ರವನ್ನು ಕಂಡೇ ಇರಲಿಲ್ಲ. ಕಾರು ನಿಧಾನವಾಗುತ್ತ ಬಂದ ಹಾಗೆ ಹೊಗೆಯೊಳಗಿಂದ ಅರೆಕಾಲುಗಳು ಒಂದೊಂದಾಗಿ ಮೂಡಿದವು. ಎಲ್ಲವೂ ಇದ್ದವು. ಅಪ್ಪನ ಗಡ್ಡ ಒದ್ದೆಯಾಗಿತ್ತು. ಹೋಗಿ ಗುಂಬದ ಮೇಲೆ ಕೈಯಿಟ್ಟೆ. ಬೆಚ್ಚಗಿತ್ತು ಅಷ್ಟೆ, ಕೋಳಿಯ ಕೆಳಗಿನ ಮೊಟ್ಟೆಯ ಹಾಗೆ.

ಆಮೇಲೆ ಅಪ್ಪನನ್ನು ಒಂದು ಕಡೆ ಕೂರಿಸಿ, ಮುಖಕ್ಕೆ ಮುಖ ಕೊಟ್ಟು ಕೂಗಿ ಕೇಳಿದೆ, "ಯಾವಾಗಿಂದ?" ಜನ ತಿರುಗಿ ನೋಡಿದರು. ನೋಡಿಕೊಳ್ಳಲಿ ಎಂದುಬಿಟ್ಟೆ.

"ಮೂರ್ನಾಲ್ಕು ವರ್ಷ ಆಯ್ತು," ಎಂದರು. "ಸ್ವಲ್ಪ ಸ್ವಲ್ಪವೇ ಹೋಯ್ತು. ಕಿವಿ ಹೋದವನ ಹತ್ರ ಯಾರು ಚಕ್ರ ಮಾಡಿಸ್ತಾರೆ? ಅದಕ್ಕೇ, ಆ ಸೋಡಾಬುಡ್ಡಿಗೆ ಕೊಟ್ಟು ಕೈ ತೊಳ್ಕೊಳ್ಳೋಣ ಅಂತ."

"ಅಣ್ಣ ಹೋದ ದಿನ ಬಾಗಿಲಲ್ಲಿ ನಿಂತು ಕೇಳಿದ್ದ ಅಪ್ಪಾ! ಬೇಡ ಅಂದ್ರೆ ಹೋಗಲ್ಲ ಅಂದಿದ್ದ! ಎರಡು ಸಲ!"

ಅಪ್ಪ ನನ್ನ ಬಾಯಿಯನ್ನೇ ನೋಡಿದರು. ಇನ್ನೊಮ್ಮೆ ಹೇಳಿಸಿದರು. ಆಮೇಲೆ ಹೇಳಿದರು, "ನಾನು ತಿರುಗಿದಾಗ ಬಾಗಿಲು ಖಾಲಿ ಇತ್ತು. ಒಂದು ಮಾತೂ ಹೇಳದೆ ಹೋದ ಅಂದ್ಕೊಂಡೆ. ಮಗ ಅಷ್ಟು ಸಿಟ್ಟು ಇಟ್ಕೊಂಡಿದ್ದಾನೆ ಅಂತ."

ಅಷ್ಟೇ ಅಣ್ಣಾ. ನೀನು ಅವರ ಬೆನ್ನು ನೋಡಿದೆ, ಅವರು ಖಾಲಿ ಬಾಗಿಲು ನೋಡಿದರು.

ಅವರಿಗೆ ಹೇಳಬೇಕಾದ್ದನ್ನು ಬರೆದು ಕಳಿಸು. ಬರೆದದ್ದನ್ನು ಓದಲು ಕಿವಿ ಬೇಕಾಗುವುದಿಲ್ಲ.

ಗುಬ್ಬಿ

*

ಮೇ ೨೧

ಅಣ್ಣನಿಗೆ,

ಅಪ್ಪನ ಹೆಸರಿಗೆ ನೀನು ಬರೆದ ಪತ್ರ ಬಂತು. ಅಂಟಿಸಿದ್ದ ಹಾಗೇ ಕೈಗೆ ಕೊಟ್ಟೆ. ಏನು ಬರೆದಿದ್ದೀಯೋ ನಾನು ನೋಡಿಲ್ಲ, ಕೇಳುವುದೂ ಇಲ್ಲ. ಅಪ್ಪ ಅದನ್ನು ಬೆಂಚಿನ ಮೇಲೆ ಬಿಡಿಸಿಟ್ಟುಕೊಂಡು, ಚಕ್ಕೆಯನ್ನು ಊದಿ ಊದಿ ಸರಿಸುತ್ತ ಬೆರಳಿಟ್ಟು ಓದಿದರು. ಆ ದಿನ ಬಾಚಿ ಮುಟ್ಟಲಿಲ್ಲ. ಸಂಜೆ ಬಸ್ಸಿನ ಹೊತ್ತಿಗೆ ಹೊರಗೆ ಬಂದು ನಿಂತು, "ಅವನ ಡಿಪೋದಲ್ಲಿ ಭಾನುವಾರ ರಜೆ ಇರುತ್ತಾ?" ಎಂದು ಡ್ರೈವರನ್ನು ಕೇಳಿದರು. ಅವರು ಕಿಟಕಿಯಿಂದ ಹೇಳಿದ ಉತ್ತರ ಕೇಳದೆ, ಮತ್ತೆ ಅದನ್ನೇ ಕೇಳಿದರು. ಡ್ರೈವರು ಬಸ್ಸು ನಿಲ್ಲಿಸಿ, ಇಳಿದು ಬಂದು, ಅಪ್ಪನ ಎದುರು ನಿಂತು ಹೌದೆಂದು ತಲೆಯಾಡಿಸಿದರು.

ಸೋಡಾಬುಡ್ಡಿಯವರೂ ಬಂದಿದ್ದರು. ಅಪ್ಪ ತಾತನ ತಿದಿ ಕೊಟ್ಟರು. ಬೆಂಚು ಕೊಡಲಿಲ್ಲ. "ಆ ಸುಣ್ಣದ ಗೆರೆ ಅಳಿಸ್ಬೇಡಿ, ನಾನು ಸತ್ತ ಮೇಲೆ ಬರ್ತೀನಿ," ಎಂದರು. ಅವರು ಕನ್ನಡಕ ತೆಗೆದು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಕಿವಿಯ ವಿಷಯವನ್ನು ಡಾಕ್ಟರಮ್ಮನಿಗೆ ನಾನೇ ಹೇಳಿದೆ. ಅವರು, "ಕಿವಿ ನನ್ನ ಇಲಾಖೆ ಅಲ್ಲ, ಆದರೆ ಗೊತ್ತಿರೋರು ಇದ್ದಾರೆ," ಎಂದಿದ್ದಾರೆ. ಇನ್ನೊಂದು ಹಳೆಯ ಕಾರಿನವರು ಹಿಂದಿನ ಎರಡು ಚಕ್ರ ಮಾಡಿಸಬೇಕೆಂದು ಬಂದರು. ಅಪ್ಪನಿಗೆ ಕೇಳಿಸುವುದಿಲ್ಲ ಎಂದು ಅವರಿಗೂ ಹೇಳಿದೆ. "ಮತ್ತೆ ಮರ ನೋಡೋದು ಯಾರು?" ಎಂದರು. ಅಪ್ಪ ನನ್ನ ಕಡೆ ಬೆರಳು ತೋರಿಸಿದರು. ನಾನು ಬಾಗಿಲ ಮರೆಗೆ ಹೋಗಲಿಲ್ಲ. ಹೋಗಬೇಕೆನ್ನಿಸಿತ್ತು.

ಡಾಕ್ಟರಮ್ಮ ಕಾರಿನ ದುಂಡು ಕನ್ನಡಿ ಬದಲಾಯಿಸಿ, ಹಳೆಯದನ್ನು ನನಗೆ ಕೊಟ್ಟಿದ್ದರು. ಹಿಂದೆ ಬರುವವರನ್ನು ನೋಡಲು ಅವರ ತಾತ ಇಟ್ಟುಕೊಂಡಿದ್ದ ಕನ್ನಡಿ. ಅಂಚಿನಲ್ಲಿ ಸ್ವಲ್ಪ ಮಸುಕಾಗಿದೆ ಅಷ್ಟೆ. ಇವತ್ತು ಬೆಳಿಗ್ಗೆ ಅದನ್ನು ಅಪ್ಪನ ಬೆಂಚಿನ ಎದುರಿನ ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿದೆ. ಈಗ ಬಾಚಿ ಹಿಡಿದು ನಿಂತಲ್ಲಿಂದಲೇ, ಬೆನ್ನ ಹಿಂದೆ ಬಾಗಿಲಲ್ಲಿ ಯಾರು ನಿಂತಿದ್ದಾರೆ ಎಂದು ಕಾಣುತ್ತದೆ. ನಾನೇ ಓಡಿಹೋಗಿ ಬಾಗಿಲಲ್ಲಿ ನಿಂತು, ನನ್ನ ಮುಖ ಸರಿಯಾಗಿ ನಡುವೆ ಬರುವ ಹಾಗೆ ಕೂರಿಸಿದ್ದೆ. ಅಪ್ಪ ಬಂದು ನೋಡಿದರು. ಕೈ ಒರೆಸಿಕೊಂಡು, ಕನ್ನಡಿಯನ್ನು ಒಂದಿಷ್ಟು ಮೇಲಕ್ಕೆ ತಿರುಗಿಸಿದರು, ನನಗಿಂತ ಎತ್ತರದವರು ನಿಂತರೆ ಕಾಣುವಷ್ಟು.

ನಿನ್ನ ತಂಗಿ,
ಗುಬ್ಬಿ